ಕ್ಯುಪ್ರೇಟ್ ಫೇಸ್ ಡಯಾಗ್ರಾಮ್ ಕೈಯಲ್ಲೇ ಬಿಡಿಸೋದು ಹೇಗೆ: ಎಲ್ಲಿ ಪೆನ್ನು, ಎಲ್ಲಿ ಪೆನ್ಸಿಲ್

ಶಿರಸಿಲಿ ಬಿಎಸ್ಸಿ ಓದ್ತಿರೋ ಅಕ್ಕನ ಮಗಳು ಒಂದಿನ ರಾತ್ರಿ ಹತ್ತೂವರೆಗೆ ಫೋಟೋ ಒಂದನ್ನ ಕಳಿಸಿ "ಮಾವಾ, ಯಂಗೆ ಇದು ಒಂದೂ ತಿಳೀತಿಲ್ಲೆ" ಅಂತ ಬರೆದಿದ್ಲು. ನೋಡಿದ್ರೆ ಕ್ಯುಪ್ರೇಟ್‌ಗಳ, ಅಂದ್ರೆ ತಾಮ್ರದ ಆಕ್ಸೈಡ್ ಸೂಪರ್‌ಕಂಡಕ್ಟರ್‌ಗಳ (ರೆಸಿಸ್ಟೆನ್ಸ್ ಇಲ್ಲದೇ ಕರೆಂಟ್ ಹರಿಸೋ ವಸ್ತುಗಳ) ಫೇಸ್ ಡಯಾಗ್ರಾಮ್, ಯಾವ ಟೆಂಪರೇಚರಲ್ಲಿ ಎಷ್ಟು ಬೆರಕೆಗೆ ವಸ್ತು ಯಾವ ಸ್ಥಿತೀಲಿರುತ್ತೆ ಅಂತ ತೋರಿಸೋ ನಕ್ಷೆ, ಎಂಟೊಂಬತ್ತು ಬಣ್ಣ, ಪ್ರತಿ ಬಣ್ಣದ ಮೇಲೂ ಒಂದೊಂದು ಹೆಸರು, ಸ್ಯೂಡೋಗ್ಯಾಪ್ ಅಂತೆ, ಸ್ಟ್ರೇಂಜ್ ಮೆಟಲ್ ಅಂತೆ, ಚಾರ್ಜ್ ಆರ್ಡರ್ ಅಂತೆ. ಸೆಮಿನಾರಿಗೆ ಇನ್ನು ಹತ್ತೇ ದಿನ. ನಾನು ಕಾರವಾರದಿಂದ ಫೋನಲ್ಲೇ ಹೇಳಿದ್ದು ಇಷ್ಟು: ಆ ಫೋಟೋ ಮುಚ್ಚಿಡು, ಗ್ರಾಫ್ ಶೀಟ್ ತಗೋ, ಒಂದು ಪೆನ್ನು, ಒಂದು ಪೆನ್ಸಿಲ್, ಒಂದು ಒಳ್ಳೆ ರಬ್ಬರ್. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೀತಾ ಇದೀನಿ, ಈ ಟಾಪಿಕ್ ಮೇಲೆ ಮಾತಾಡಬೇಕಾಗಿರೋ ಬೇರೆ ಯಾರಿಗಾದ್ರೂ ಉಪಯೋಗ ಆಗ್ಲಿ ಅಂತ.

ರೂಲ್ ಒಂದೇ. ಯಾವ ಉಪಕರಣ ಇಟ್ಟು ನೋಡಿದ್ರೂ ಅದೇ ಟೆಂಪರೇಚರಲ್ಲಿ ಕಾಣೋ ಗೆರೆಗೆ ಪೆನ್ನು. ಒಂದೊಂದು ಎಕ್ಸ್‌ಪೆರಿಮೆಂಟಲ್ಲಿ ಒಂದೊಂದು ಕಡೆ ಕಾಣೋ ಗೆರೆಗೆ ಪೆನ್ಸಿಲ್, ಮತ್ತೆ ಆ ಪೆನ್ಸಿಲ್ ಗೆರೆ ಪಕ್ಕ ಅದನ್ನ ಕಂಡ ಎಕ್ಸ್‌ಪೆರಿಮೆಂಟ್ ಹೆಸರು ಬರೀಲೇಬೇಕು. ಇದನ್ನ ನಾನು ಕಲ್ತಿದ್ದು ಮರ್ಯಾದೆ ಕಳ್ಕೊಂಡು. ಎಂಎಸ್ಸಿಲಿ ಇದೇ ವಿಷಯದ ಸೆಮಿನಾರ್ ಕೊಟ್ಟಾಗ ಎಲ್ಲಾ ಗೆರೆಗಳನ್ನೂ ಒಂದೇ ನೀಲಿ ಪೆನ್ನಲ್ಲಿ ಎಳೆದು ಹೋಗಿದ್ದೆ, ಹಿಂದಿನ ಬೆಂಚಲ್ಲಿದ್ದ ಒಬ್ಬ ಮೇಷ್ಟ್ರು "ಈ ಗೆರೆ ಯಾರು ಅಳೆದಿದ್ದು, ಎಂತದ್ರಲ್ಲಿ ಅಳೆದಿದ್ದು" ಅಂತ ಕೇಳಿದ್ರು, ನಾನು ಬೋರ್ಡ್ ಕಡೆ ತಿರುಗಿ ಚಾಕ್‌ಪೀಸ್ ಹುಡುಕೋ ನಾಟಕ ಮಾಡ್ದೆ.

ಮೊದಲು ಒಂದು ಮೆಟೀರಿಯಲ್ ಆರಿಸ್ಕೊಳ್ಳಿ, ಒಂದೇ. ನೆಟ್ಟಲ್ಲಿ ಸಿಗೋ ಚಿತ್ರಗಳಲ್ಲಿ ಹೆಚ್ಚಿನವು ಎಡಗಡೆದು ಒಂದು ವಸ್ತುದು, ಮಧ್ಯದ್ದು ಇನ್ನೊಂದರದ್ದು, ಬಲಗಡೆದು ಮತ್ತೊಂದರದ್ದು ಸೇರಿಸಿ ಮಾಡಿದ ಕಲಸುಮೇಲೋಗರ. ನಾವು ಲ್ಯಾಂಥನಮ್ ಕಾಪರ್ ಆಕ್ಸೈಡ್ ತಗೊಂಡು ಅದರಲ್ಲಿ ಸ್ವಲ್ಪ ಸ್ವಲ್ಪ ಲ್ಯಾಂಥನಮ್ ತೆಗೆದು ಸ್ಟ್ರಾನ್ಷಿಯಮ್ ಹಾಕ್ತಾ ಹೋಗೋಣ, ಎಲ್‌ಎಸ್‌ಸಿಒ ಅಂತಾರೆ. ಇದರ ಅನುಕೂಲ ಏನಂದ್ರೆ ಎಷ್ಟು ಸ್ಟ್ರಾನ್ಷಿಯಮ್ ಹಾಕಿದ್ರೋ ಅಷ್ಟೇ ಡೋಪಿಂಗ್, ಬೇರೆ ಲೆಕ್ಕ ಬೇಡ. ಲ್ಯಾಂಥನಮ್ ಮೂರು ಎಲೆಕ್ಟ್ರಾನ್ ಬಿಟ್ಟುಕೊಡುತ್ತೆ, ಸ್ಟ್ರಾನ್ಷಿಯಮ್ ಎರಡೇ, ಹಾಗಾಗಿ ಪ್ರತಿ ಬದಲಾವಣೆಗೂ ತಾಮ್ರ-ಆಕ್ಸಿಜನ್ ಪದರದಲ್ಲಿ ಒಂದು ಎಲೆಕ್ಟ್ರಾನ್ ಕಮ್ಮಿ, ಅಂದ್ರೆ ಒಂದು ಹೋಲ್ (ಖಾಲಿ ಜಾಗ). ತಾಮ್ರ ಒಂದಕ್ಕೆ ಇಂಥ ಎಷ್ಟು ಹೋಲ್ ಅನ್ನೋದೇ ಡೋಪಿಂಗ್.

ಅಡ್ಡಕ್ಕೆ ಡೋಪಿಂಗ್, 0ಯಿಂದ 0.30 ತನಕ, 1 ಸೆಂಟಿಮೀಟರಿಗೆ 0.02. ಉದ್ದಕ್ಕೆ ಟೆಂಪರೇಚರ್, 0ಯಿಂದ 400 ಕೆಲ್ವಿನ್, 1 ಸೆಂಟಿಮೀಟರಿಗೆ 20 ಕೆಲ್ವಿನ್. ಹದಿನೈದು ಅಡ್ಡ, ಇಪ್ಪತ್ತು ಉದ್ದ, ಒಂದು ಶೀಟಲ್ಲಿ ಕೂರುತ್ತೆ. ಪಕ್ಕದಲ್ಲಿ ಮೂರು ಗುರುತು ಹಾಕ್ಕೊಳ್ಳಿ: 307ರಲ್ಲಿ ಕಾರವಾರದ ಮೇ ತಿಂಗಳ ಮಧ್ಯಾಹ್ನ, 77ರಲ್ಲಿ ದ್ರವ ನೈಟ್ರೋಜನ್, 4.2ರಲ್ಲಿ ದ್ರವ ಹೀಲಿಯಮ್. ಆ ಕೊನೇದರ ಹತ್ತಿರವೇ 1911ರಲ್ಲಿ ಕಾಮರ್ಲಿಂಗ್ ಒನ್ನೆಸ್ ಪಾದರಸದ ರೆಸಿಸ್ಟೆನ್ಸ್ ಮಾಯ ಆಗಿದ್ದನ್ನ ನೋಡಿದ್ದು. ಅಲ್ಲಿಂದ ಮುಕ್ಕಾಲು ಶತಮಾನ ತಿಪ್ಪರಲಾಗ ಹಾಕಿದ್ರೂ 23 ಕೆಲ್ವಿನ್ ದಾಟಿರಲಿಲ್ಲ, 1986ರಲ್ಲಿ ಜ್ಯೂರಿಕ್ಕಿನ ಐಬಿಎಂ ಲ್ಯಾಬಲ್ಲಿ ಬೆಡ್ನಾರ್ಜ್ ಮತ್ತೆ ಮುಲ್ಲರ್ ಲ್ಯಾಂಥನಮ್-ಬೇರಿಯಮ್-ತಾಮ್ರದ ಆಕ್ಸೈಡಲ್ಲಿ 30ರ ಮೇಲೆ ಕಂಡ್ರು, ಮಾರನೇ ವರ್ಷ ವೈಬಿಸಿಒ (ಯಿಟ್ರಿಯಮ್-ಬೇರಿಯಮ್-ತಾಮ್ರದ ಆಕ್ಸೈಡ್) 93 ಕೆಲ್ವಿನ್ ಮುಟ್ಟಿ ನೈಟ್ರೋಜನ್ ಗೆರೆ ದಾಟ್ತು, ಅದೇ ವರ್ಷ ಅವರಿಬ್ಬರಿಗೂ ನೊಬೆಲ್.

ಈಗ ಎಡ ತುದಿ. ಎಲ್ಲರೂ ನಡುವಿನ ಗುಡ್ಡದಿಂದ (ಸೂಪರ್‌ಕಂಡಕ್ಟಿವಿಟಿ ಇರೋ ಜಾಗ) ಶುರು ಮಾಡ್ತಾರೆ, ಅದೇ ತಪ್ಪು, ಇಲ್ಲಿಂದ ಶುರು ಮಾಡಿ, ಸ್ವಲ್ಪ ಹೊತ್ತು ಇಲ್ಲೇ ಕೂತ್ಕೊಳ್ಳಿ ಕೂಡ. ಡೋಪಿಂಗ್ ಇಲ್ಲದ ಲ್ಯಾಂಥನಮ್ ಕಾಪರ್ ಆಕ್ಸೈಡಲ್ಲಿ ಪ್ರತಿ ತಾಮ್ರದ ಮೇಲೆ ಜೋಡಿ ಸಿಗದ ಒಂದು ಎಲೆಕ್ಟ್ರಾನ್. ಪಾಠದ ಬ್ಯಾಂಡ್ ಥಿಯರಿ ಪ್ರಕಾರ ಬ್ಯಾಂಡ್ ಅರ್ಧ ತುಂಬಿದೆ, ಅಂದ್ಮೇಲೆ ಲೋಹ ಆಗಬೇಕು. ಆದ್ರೆ ಇದು ಇನ್ಸುಲೇಟರ್. ಯಾಕೆ ಅಂತ ತಿಳೀಬೇಕಾದ್ರೆ ನಮ್ಮ ಕಡೆ ಮದುವೆ ಮನೆ ಪಂಕ್ತಿ ನೆನಪು ಮಾಡ್ಕೊಳ್ಳಿ. ಬಾಳೆ ಎಲೆ ಹಾಕಿ ಆಗಿದೆ, ಪ್ರತಿ ಎಲೆಗೂ ಒಬ್ಬೊಬ್ಬರು ಕೂತಾಗಿದೆ, ಒಂದೂ ಎಲೆ ಖಾಲಿ ಇಲ್ಲ. ಯಾರಾದ್ರೂ ಜಾಗ ಬದಲಾಯಿಸಬೇಕಂದ್ರೆ ಇನ್ನೊಬ್ಬರ ಎಲೆಗೇ ಹೋಗಿ ಕೂರಬೇಕು, ಒಂದೆಲೆಗೆ ಇಬ್ಬರು. ಆಗೋ ಕೆಲಸ ಅಲ್ಲ. ತಾಮ್ರದ ಮೇಲೂ ಹಾಗೇ, ಎರಡು ಎಲೆಕ್ಟ್ರಾನ್ ಒಂದೇ ಕಡೆ ಕೂರಬೇಕಾದ್ರೆ ಹಲವು ಎಲೆಕ್ಟ್ರಾನ್‌ವೋಲ್ಟ್ ದಂಡ, ರೂಮ್ ಟೆಂಪರೇಚರ್ ಕೊಡೋ ಶಕ್ತಿ ಬರೀ 0.025 ಎಲೆಕ್ಟ್ರಾನ್‌ವೋಲ್ಟ್. ಹಾಗಾಗಿ ಎಲ್ಲರೂ ಅವರವರ ಎಲೆ ಮುಂದೆ ಗಟ್ಟಿ. ಇದಕ್ಕೆ ಮಾಟ್ ಇನ್ಸುಲೇಟರ್ ಅಂತ ಹೆಸರು. (ನಿಜದಲ್ಲಿ ಆಕ್ಸಿಜನ್‌ದೂ ಪಾಲಿದೆ, ಹೋಲ್ ಹೆಚ್ಚಾಗಿ ಆಕ್ಸಿಜನ್ ಮೇಲೇ ಕೂರೋದು, ಪಂಕ್ತಿ ಉಪಮೆ ಅಲ್ಲಿ ಸ್ವಲ್ಪ ಕುಂಟುತ್ತೆ, ಯಾರಾದ್ರೂ ಕೇಳಿದ್ರೆ ಒಪ್ಕೊಂಡುಬಿಡಿ.)

ಅಷ್ಟಕ್ಕೆ ಮುಗೀಲಿಲ್ಲ. ಪಕ್ಕದ ಎಲೆ ಕಡೆ ಒಂದು ಕ್ಷಣ ವಾಲಿ ಹಪ್ಪಳ ತಗೊಂಡು ವಾಪಸ್ ಬರೋಷ್ಟು ಸಲಿಗೆ ಇದೆ, ಆದ್ರೆ ಪಕ್ಕದವರ ಸ್ಪಿನ್ ತಮ್ಮದಕ್ಕೆ ಉಲ್ಟಾ ಇದ್ರೆ ಮಾತ್ರ, ಒಂದೇ ದಿಕ್ಕಿದ್ರೆ ಪೌಲಿ ನಿಯಮ ಬಿಡಲ್ಲ. ಆ ಸಲಿಗೆಯಿಂದ ಶಕ್ತಿ ಸ್ವಲ್ಪ ಇಳಿಯುತ್ತೆ, ಅದಕ್ಕೇ ಸ್ಪಿನ್‌ಗಳು ಒಂದು ಮೇಲೆ ಒಂದು ಕೆಳಗೆ ಅಂತ ಸಾಲಾಗಿ ನಿಲ್ತವೆ. ಆಂಟಿಫೆರೋಮ್ಯಾಗ್ನೆಟ್. ಈ ಸಲಿಗೆಯ ಬಲ ಟೆಂಪರೇಚರ್ ಲೆಕ್ಕದಲ್ಲಿ ಸುಮಾರು 1500 ಕೆಲ್ವಿನ್, ಕ್ಯುಪ್ರೇಟಲ್ಲಿ ಮುಂದೆ ಆಗೋ ಎಲ್ಲಾ ವಿಚಿತ್ರಕ್ಕೂ ಮೂಲ ಇದೇ ದೊಡ್ಡ ಸಂಖ್ಯೆ ಅಂತ ನನ್ನ ಅಭಿಪ್ರಾಯ, ಹಾಗೆ ನಂಬೋರು ಈ ಫೀಲ್ಡಲ್ಲಿ ಬಹಳ ಜನ ಇದಾರೆ. 1987ರಲ್ಲೇ ಫಿಲಿಪ್ ಆಂಡರ್ಸನ್ ಇಲ್ಲಿಂದಲೇ ಸೂಪರ್‌ಕಂಡಕ್ಟಿವಿಟಿ ಹುಟ್ಟುತ್ತೆ ಅಂತ ಹೇಳಿದ್ರು, ಆ ವಾದವನ್ನ ಬೆಳೆಸಿದವರಲ್ಲಿ ನಮ್ಮ ಗಣಪತಿ ಬಾಸ್ಕರನ್ ಒಬ್ಬರು.

ಗೆರೆ ಎಳೀರಿ: ಡೋಪಿಂಗ್ 0ಯಲ್ಲಿ 300 ಕೆಲ್ವಿನ್ ಹತ್ತಿರ ಚುಕ್ಕಿ, ಡೋಪಿಂಗ್ 0.02ರಲ್ಲಿ ಸೊನ್ನೆ, ಸೇರಿಸಿ. ಪೆನ್ನು. ನ್ಯೂಟ್ರಾನ್‌ಗೂ ಕಾಣುತ್ತೆ, ಮ್ಯಾಗ್ನೆಟಿಕ್ ಅಳತೆಗೂ ಕಾಣುತ್ತೆ, ಗೊಂದಲ ಇಲ್ಲ. ನೂರು ಎಲೇಲಿ ಎರಡು ಖಾಲಿ ಮಾಡಿದ್ರೆ ಸಾಕು, ಆ ಇಡೀ ಶಿಸ್ತು ಹಾಳು. ಶೀಟ್ ಮೇಲೆ ಇದು 15 ಸೆಂಟಿಮೀಟರ್ ಎತ್ತರ, 1 ಸೆಂಟಿಮೀಟರ್ ಅಗಲ, ಅಡಿಕೆ ಮರದ ತರ ಸಪೂರ.

ಈಗ ಗುಡ್ಡ. ಇದಕ್ಕೆ ಒಂದು ಸುಲಭದ ಸೂತ್ರ ಇದೆ: ಡೋಪಿಂಗಲ್ಲಿ 0.16 ಕಳೀರಿ, ವರ್ಗ ಮಾಡಿ, 82.6ರಿಂದ ಗುಣಿಸಿ, 1ರಿಂದ ಕಳೀರಿ, ಬಂದದ್ದನ್ನ ಆ ವಸ್ತುವಿನ ಗರಿಷ್ಠ ಟಿಸಿಯಿಂದ (ಸೂಪರ್‌ಕಂಡಕ್ಟಿವಿಟಿ ಶುರುವಾಗೋ ಟೆಂಪರೇಚರ್) ಗುಣಿಸಿ. ನಮ್ಮದಕ್ಕೆ ಗರಿಷ್ಠ 38 ಕೆಲ್ವಿನ್ ಇಟ್ಕೊಳ್ಳಿ. 0.08ರಲ್ಲಿ ಸುಮಾರು 18, 0.10ರಲ್ಲಿ 27, 0.12ರಲ್ಲಿ 33, 0.16ರಲ್ಲಿ 38, ಆಮೇಲೆ ಅದೇ ತರ ಬಲಕ್ಕೆ ಇಳಿಯುತ್ತೆ, 0.05 ಮತ್ತೆ 0.27ರಲ್ಲಿ ಸೊನ್ನೆ. ಪೆನ್ನು. 0.02ರಿಂದ 0.05ರ ನಡುವೆ ಕೆಲವೇ ಕೆಲ್ವಿನ್ ಎತ್ತರದಲ್ಲಿ ಸ್ಪಿನ್ ಗ್ಲಾಸ್ (ಸ್ಪಿನ್‌ಗಳು ಅಡ್ಡಾದಿಡ್ಡಿಯಾಗಿ ಹೆಪ್ಪುಗಟ್ಟಿದ ಸ್ಥಿತಿ) ಅಂತ ಸಣ್ಣಕ್ಕೆ ಬರೆದು ಮುಂದೆ ಹೋಗಿ.

ಎಳೆದಾಯ್ತಾ? ಈಗ ಶೀಟನ್ನ ಸ್ವಲ್ಪ ದೂರ ಹಿಡಿದು ನೋಡಿ. ಗುಡ್ಡದ ಎತ್ತರ 2 ಸೆಂಟಿಮೀಟರ್ ಕೂಡ ಇಲ್ಲ! ನೆಟ್ಟಿನ ಚಿತ್ರಗಳಲ್ಲಿ ಅರ್ಧ ಪುಟ ತುಂಬ್ಕೊಂಡಿರೋ ಸೂಪರ್‌ಕಂಡಕ್ಟಿವಿಟಿ, ನಿಜವಾದ ಅಳತೇಲಿ ಎಳೆದ್ರೆ ಕೆಳಗೆಲ್ಲೋ ಮುದುಡಿ ಕೂತಿರೋ ಒಂದು ದಿಬ್ಬ, ಮೇಲೆ ಉಳಿದ ಹದಿನೆಂಟು ಸೆಂಟಿಮೀಟರ್ ಖಾಲಿ ಜಾಗದಲ್ಲೇ ಮೂವತ್ತೆಂಟು ವರ್ಷಕ್ಕೂ ಮಿಕ್ಕಿದ ಜಗಳ ಇರೋದು. ಕೈಯಲ್ಲೇ ಬಿಡಿಸಿ ಅಂತ ನಾನು ಹಠ ಹಿಡಿಯೋದು ಇದೊಂದು ಕಾರಣಕ್ಕೆ. ಅಕ್ಕನ ಮಗಳು ಇಲ್ಲಿಗೆ ಬಂದಾಗ "ಇಷ್ಟೇಯಾ" ಅಂದ್ಲು.

ಗುಡ್ಡದ ಒಳಗೆ ಒಂದು ಕೇಪಳ ಹೂವು ಬರೀರಿ. ತಮಾಷೆ ಅಲ್ಲ, ನಾಲ್ಕು ಎಸಳು ಬೇಕು ಅದಕ್ಕೆ. ಹಳೇ ಸೂಪರ್‌ಕಂಡಕ್ಟರ್‌ಗಳಲ್ಲಿ ಎಲೆಕ್ಟ್ರಾನ್ ಜೋಡಿಯ ಗ್ಯಾಪ್ (ಜೋಡಿ ಒಡೆಯೋಕೆ ಬೇಕಾದ ಶಕ್ತಿ) ಎಲ್ಲಾ ದಿಕ್ಕಿಗೂ ಹೆಚ್ಚುಕಮ್ಮಿ ಒಂದೇ, ಇಲ್ಲಿ ತಾಮ್ರ-ಆಕ್ಸಿಜನ್ ಬಂಧದ ದಿಕ್ಕಲ್ಲಿ ದೊಡ್ಡದು, ಮೂಲೆಯ (ಕರ್ಣದ) ದಿಕ್ಕಲ್ಲಿ ಸೊನ್ನೆ, ಮತ್ತೆ ಒಂದು ಎಸಳು ಪ್ಲಸ್ ಆದ್ರೆ ಪಕ್ಕದ್ದು ಮೈನಸ್. ಡಿ-ವೇವ್ ಅಂತಾರೆ. ಚಿಹ್ನೆ ಬದಲಾಗೋದನ್ನ ತೋರಿಸಿದ್ದು 1993-94ರ ಹೊತ್ತಿನ ಪ್ರಯೋಗಗಳು, ಅದರಲ್ಲಿ ತ್ಸುಯಿ ಮತ್ತೆ ಕಿರ್ಟ್ಲಿ ಮಾಡಿದ್ದು ಚಂದ: ಮೂರು ಹರಳು ಬೇರೆ ಬೇರೆ ಕೋನದಲ್ಲಿ ಸೇರೋ ಜಾಗದಲ್ಲಿ ಒಂದು ಉಂಗುರ ಮಾಡಿದ್ರು, ಒಳಗೆ ತಾನಾಗೇ ಅರ್ಧ ಫ್ಲಕ್ಸ್ ಕ್ವಾಂಟಮ್ (ಮ್ಯಾಗ್ನೆಟಿಕ್ ಫ್ಲಕ್ಸಿನ ಮಾಮೂಲಿ ಕಂತಿನ ಅರ್ಧ) ಹುಟ್ಕೊಳ್ತು. ಸುತ್ತು ಹಾಕಿ ಬಂದಾಗ ಚಿಹ್ನೆ ಉಲ್ಟಾ ಆಗದೇ ಅದು ಹುಟ್ಟೋಕೆ ಸಾಧ್ಯ ಇಲ್ಲ.

ಆಮೇಲೆ 0.125ಕ್ಕೆ ಬನ್ನಿ, ಅಂದ್ರೆ ಎಂಟನೇ ಒಂದು. ಎಲ್‌ಎಸ್‌ಸಿಒದಲ್ಲಿ ಇಲ್ಲಿ ಗುಡ್ಡ ಸ್ವಲ್ಪ ತಗ್ಗುತ್ತೆ, ಬೆರಳಲ್ಲಿ ಒತ್ತಿದಂಗೆ. ಆದ್ರೆ ಸ್ಟ್ರಾನ್ಷಿಯಮ್ ಬದಲು ಬೇರಿಯಮ್ ಹಾಕಿದ್ರೆ ಗುಡ್ಡ ಇಲ್ಲಿ ಪೂರಾ ಕುಸಿದು ಕೆಲವೇ ಕೆಲ್ವಿನ್ ಉಳಿಯುತ್ತೆ. ಇದು 1988ರಲ್ಲೇ ಗೊತ್ತಿತ್ತು, ಕಾರಣ ಸಿಕ್ಕಿದ್ದು 1995ರಲ್ಲಿ, ಟ್ರಾನ್‌ಕ್ವಾಡಾ ತಂಡ ನಿಯೋಡಿಮಿಯಮ್ ಸೇರಿಸಿದ ಹರಳಿಗೆ ನ್ಯೂಟ್ರಾನ್ ಬಿಟ್ಟು ನೋಡಿದಾಗ. ಹೋಲ್‌ಗಳು ಎಲ್ಲೆಂದರಲ್ಲಿ ಓಡಾಡೋದು ಬಿಟ್ಟು ಸಾಲು ಹಿಡಿದಿದ್ವು. ಶಿರಸಿ ಕಡೆ ಅಡಿಕೆ ತೋಟ ನೋಡಿದವರಿಗೆ ಇದು ಕೂಡಲೇ ಹೊಳೆಯುತ್ತೆ: ಬರಣ (ಮರ ಇರೋ ಏರಿ), ಕಾದಿಗೆ (ನೀರು ಹರಿಯೋ ಕಾಲುವೆ), ಬರಣ, ಕಾದಿಗೆ. ಬರಣದಲ್ಲಿ ಮೇಲೆ-ಕೆಳಗೆ ಸ್ಪಿನ್‌ಗಳ ಶಿಸ್ತು ಹಾಗೇ ಇದೆ, ಕಾದಿಗೇಲಿ ಹೋಲ್‌ಗಳು ಹರೀತವೆ. ನಾಲ್ಕು ಮನೆಗೊಂದು ಕಾದಿಗೆ (ತಾಮ್ರದಿಂದ ತಾಮ್ರಕ್ಕೆ ಇರೋ ದೂರ ಒಂದು ಮನೆ). ಕಾದಿಗೆ ದಾಟಿದ ಕೂಡಲೇ ಸ್ಪಿನ್ ಕ್ರಮ ತಲೆಕೆಳಗಾಗುತ್ತೆ, ಹಾಗಾಗಿ ಚಾರ್ಜ್ ನಾಲ್ಕಕ್ಕೊಮ್ಮೆ ಮರುಕಳಿಸಿದ್ರೆ ಸ್ಪಿನ್ ಎಂಟಕ್ಕೊಮ್ಮೆ. ಸ್ಟ್ರೈಪ್ ಅಂತ ಹೆಸರು.

ಇದರ ಮುಂದಿನ ಕತೆ ನಂಗೆ ಎಲ್ಲಕ್ಕಿಂತ ಇಷ್ಟ. 2007ರಲ್ಲಿ ಅದೇ ಬೇರಿಯಮ್ ಹರಳನ್ನ ಮತ್ತೆ ಅಳೆದಾಗ ಕಂಡಿದ್ದೇನಂದ್ರೆ, ಪದರದ ಒಳಗೆ ನೋಡಿದ್ರೆ 40 ಕೆಲ್ವಿನ್ ಸುತ್ತಲೇ ಸೂಪರ್‌ಕಂಡಕ್ಟಿವಿಟಿ ಶುರುವಾಗಿದೆ, ಒಂದು ಪದರದಿಂದ ಇನ್ನೊಂದಕ್ಕೆ ಮಾತ್ರ ಕರೆಂಟ್ ದಾಟ್ತಿಲ್ಲ! ಕುಸಿದಿದ್ದು ಜೋಡಿಗಳಲ್ಲ, ಪದರಗಳ ನಡುವಿನ ಮಾತುಕತೆ. ಇದಕ್ಕೆ ಕೊಡೋ ವಿವರಣೆ ಪೇರ್ ಡೆನ್ಸಿಟಿ ವೇವ್, ಜೋಡಿಯ ಅಲೆ ಒಂದು ಕಾದಿಗೇಲಿ ಪ್ಲಸ್, ಮುಂದಿನದರಲ್ಲಿ ಮೈನಸ್, ಮೇಲಿನ ಪದರದ ಕಾದಿಗೆಗಳು ಕೆಳಗಿನದಕ್ಕೆ ಅಡ್ಡಡ್ಡ, ಹಾಗಾಗಿ ಪ್ಲಸ್ಸು ಮೈನಸ್ಸು ಕೂಡಿ ಲೆಕ್ಕ ಸೊನ್ನೆ. ಶೀಟ್ ಮೇಲೆ 0.125ರ ಹತ್ತಿರ ಪೆನ್ಸಿಲಲ್ಲಿ ಸಣ್ಣ ಗೀಟುಗಳನ್ನ ಹಾಕಿ "ಸ್ಟ್ರೈಪ್, ನ್ಯೂಟ್ರಾನ್" ಅಂತ ಬರೀರಿ.

ಇನ್ನು ಕಷ್ಟದ್ದು, ಸ್ಯೂಡೋಗ್ಯಾಪ್. 1989ರಲ್ಲಿ ಫ್ರಾನ್ಸಿನ ಅಲೂಲ್ ತಂಡ ವೈಬಿಸಿಒ ಮೇಲೆ ಎನ್‌ಎಂಆರ್ (ಪರಮಾಣು ಬೀಜಗಳ ಮ್ಯಾಗ್ನೆಟಿಕ್ ಅಳತೆ) ಮಾಡಿದಾಗ, ಗರಿಷ್ಠಕ್ಕಿಂತ ಕಮ್ಮಿ ಡೋಪಿಂಗ್ ಇರೋ ಸ್ಯಾಂಪಲಲ್ಲಿ ಸ್ಪಿನ್‌ಗಳ ಪ್ರತಿಕ್ರಿಯೆ ಟಿಸಿಗಿಂತ ಎಷ್ಟೋ ಮೇಲಿಂದಲೇ ಕುಗ್ತಾ ಬಂತು, ಯಾವುದೋ ಗ್ಯಾಪ್ ತೆರೀತಾ ಇದೆ ಅನ್ನೋ ಹಾಗೆ, ಆದ್ರೆ ವಸ್ತು ಇನ್ನೂ ಲೋಹವೇ. ಆಮೇಲೆ ಬೆಳಕು ಬಿಟ್ಟು ಎಲೆಕ್ಟ್ರಾನ್ ಹೊರಗೆಳೆಯೋ ಆರ್ಪೆಸ್ ಪ್ರಯೋಗದಲ್ಲಿ ಫರ್ಮಿ ಸರ್ಫೇಸ್ (ಎಲೆಕ್ಟ್ರಾನ್ ತುಂಬಿದ ಮತ್ತೆ ಖಾಲಿ ಸ್ಥಿತಿಗಳ ನಡುವಿನ ಗಡಿ) ತುಂಡಾಗಿ ಬರೀ ಕಮಾನಿನ ಚೂರುಗಳು ಉಳಿದಿದ್ದು ಕಂಡಿತು, ಮೂಲೆ ದಿಕ್ಕಲ್ಲಿ ಇದೆ, ಬಂಧದ ದಿಕ್ಕಲ್ಲಿ ಇಲ್ಲ. ಫರ್ಮಿ ಸರ್ಫೇಸ್ ಅಂದ್ರೆ ಮುಚ್ಚಿದ ಗೆರೆ ಅಂತ ಪಾಠ ಮಾಡೋ ನಾವೇ ಅದನ್ನ ನೋಡಿ ಕಣ್ಣುಜ್ಜಿಕೊಂಡ್ವಿ.

ಗೆರೆ ಎಲ್ಲಿ ಎಳೆಯೋದು? ಕಾಳಿ ನದಿ ಸೇತುವೆ ಮೇಲೆ ನಿಂತು ಕೇಳ್ಕೊಳ್ಳಿ, ಹೊಳೆ ಎಲ್ಲಿ ಮುಗೀತು, ಸಮುದ್ರ ಎಲ್ಲಿ ಶುರುವಾಯ್ತು? ಬಾಯಿಗೆ ಹಾಕಿ ನೋಡಿದವನು ಒಂದು ಜಾಗ ತೋರಿಸ್ತಾನೆ, ಭರತದ ನೀರು ಎಲ್ಲೀವರೆಗೆ ಏರುತ್ತೆ ಅಂತ ನೋಡಿದವನು ಇನ್ನೂ ಒಳಗಿನ ಜಾಗ ತೋರಿಸ್ತಾನೆ, ಬಲೆ ಹಾಕೋರನ್ನ ಕೇಳಿದ್ರೆ ಯಾವ ಮೀನು ಅಂತ ತಿರುಗಿ ಕೇಳ್ತಾರೆ. ಯಾರೂ ಸುಳ್ಳು ಹೇಳ್ತಿಲ್ಲ. ಸ್ಯೂಡೋಗ್ಯಾಪ್ ಶುರುವಾಗೋ ಟೆಂಪರೇಚರ್, ಟಿ ಸ್ಟಾರ್ ಗೆರೇನೂ ಹಾಗೇ, ಎನ್‌ಎಂಆರ್‌ಗೆ ಒಂದು ಟೆಂಪರೇಚರ್, ರೆಸಿಸ್ಟೆನ್ಸ್‌ಗೆ ಇನ್ನೊಂದು, ಆರ್ಪೆಸ್‌ಗೆ ಮತ್ತೊಂದು. ಹಾಗಾಗಿ ಒಂದು ಗೆರೆ ಬೇಡ, ಎಡಗಡೆ ರೂಮ್ ಟೆಂಪರೇಚರ್ ಹತ್ತಿರದಿಂದ ಬಲಕ್ಕೆ ಇಳಿಯೋ ಒಂದು ಪಟ್ಟಿಯನ್ನ ಪೆನ್ಸಿಲ್ ಮಲಗಿಸಿ ತಿಕ್ಕಿ, ಗುಡ್ಡದ ಒಳಗೆ ಎಲ್ಲೋ ಹೋಗಿ ಮುಗೀಲಿ. ಹಲವು ಕ್ಯುಪ್ರೇಟಲ್ಲಿ ಅದು 0.19ರ ಸುತ್ತ ಮುಗಿಯುತ್ತೆ, ನಿಯೋಡಿಮಿಯಮ್ ಸೇರಿಸಿದ್ದರಲ್ಲಿ 0.23ರ ಹತ್ತಿರ.

ಒಳಗೆ ನಿಜವಾಗಿ ಏನಿದೆ ಅನ್ನೋದಕ್ಕೆ ಎರಡು ಪಕ್ಷ ಇದೆ. ಜೋಡಿಗಳು ಮೊದಲೇ ಆಗಿವೆ, ತಾಳ ಮಾತ್ರ ಕೂಡಿಲ್ಲ ಅನ್ನೋದು ಒಂದು, ಚೆಂಡೆ ಮದ್ದಳೆ ಎರಡೂ ಬಂದಿದೆ ಭಾಗವತರು ಇನ್ನೂ ಶುರು ಮಾಡಿಲ್ಲ ಅಂದಂಗೆ. ಪ್ರಿನ್ಸ್‌ಟನ್ನಿನ ಓಂಗ್ ತಂಡ 2000ದಲ್ಲಿ ನರ್ನ್‌ಸ್ಟ್ ಎಫೆಕ್ಟ್ (ಮ್ಯಾಗ್ನೆಟ್ ಒಳಗೆ ಬಿಸಿ ಹರಿವಿಗೆ ಅಡ್ಡಕ್ಕೆ ಹುಟ್ಟೋ ವೋಲ್ಟೇಜ್) ಅಳೆದು ಟಿಸಿ ಮೇಲೂ ಸುಳಿಗಳ ಗುರುತು ತೋರಿಸಿದ್ದು ಇವರಿಗೆ ಬಲ. ಇನ್ನೊಂದು ಪಕ್ಷ, ಅಲ್ಲಿ ಬೇರೇನೇ ಆರ್ಡರ್ ಇದೆ, ಸೂಪರ್‌ಕಂಡಕ್ಟಿವಿಟಿಗೆ ಅದು ದಾಯಾದಿ ಅನ್ನುತ್ತೆ. 2006ರಲ್ಲಿ ಬೂರ್ಜ್ ತಂಡದ ಪೋಲರೈಸ್ಡ್ ನ್ಯೂಟ್ರಾನ್ ಪ್ರಯೋಗ ಅಲ್ಲಿ ಒಂದು ಸಣ್ಣ ಮ್ಯಾಗ್ನೆಟಿಕ್ ಸಿಗ್ನಲ್ ಕಂಡಿತು, ಸಿದ್ಧಾಂತಿ ವರ್ಮಾ ಹೇಳ್ತಿದ್ದ ಲೂಪ್ ಕರೆಂಟ್‌ಗೆ (ಪರಮಾಣುಗಳ ನಡುವೆ ಸುತ್ತೋ ಪುಟ್ಟ ಕರೆಂಟ್) ಹೊಂದೋ ಹಾಗೆ. ಸಿಗ್ನಲ್ ನಿಜವೇ ಅಂತ ಇನ್ನೂ ಕಚ್ಚಾಟ. ಸೆಮಿನಾರಲ್ಲಿ ಒಂದು ಪಕ್ಷ ಹಿಡಿದು ಮಾತಾಡಬೇಡಿ, ಎರಡನ್ನೂ ಹೇಳಿ, ಯಾವ ಅಳತೆ ಯಾರ ಕಡೆ ಅಂತ ಹೇಳಿ.

ಅದೇ ಪಟ್ಟಿ ಒಳಗೆ, 0.12ರ ಸುತ್ತ, ಚುಕ್ಕಿ ಚುಕ್ಕಿಯಾಗಿ ಒಂದು ಸಣ್ಣ ದಿಬ್ಬ, ಚಾರ್ಜ್ ಆರ್ಡರ್ (ಚಾರ್ಜ್ ಅಲೆ ಅಲೆಯಾಗಿ ಸಾಲು ಹಿಡಿಯೋದು). ಪೆನ್ಸಿಲ್, ಪಕ್ಕದಲ್ಲಿ "ಎಕ್ಸ್-ರೇ". 2012ರಲ್ಲಿ ಗಿರಿಂಗೆಲ್ಲಿ, ಕೈಮರ್ ಮತ್ತೆ ಸಂಗಡಿಗರು ವೈಬಿಸಿಒದಲ್ಲಿ ನೇರವಾಗಿ ನೋಡಿದ್ರು, ಅಲ್ಲಿ ಅಲೆಯ ಉದ್ದ ಮೂರು ಮನೆಗಿಂತ ಸ್ವಲ್ಪ ಜಾಸ್ತಿ, ನಮ್ಮದರಲ್ಲಿ ನಾಲ್ಕು. ಟಿಸಿ ಕೆಳಗೆ ಹೋದ್ರೆ ಇದು ಮಂಕಾಗುತ್ತೆ, ಮ್ಯಾಗ್ನೆಟ್ ಹಾಕಿ ಸೂಪರ್‌ಕಂಡಕ್ಟಿವಿಟಿ ಹೊಸಕಿದ್ರೆ ಮತ್ತೆ ತಲೆ ಎತ್ತುತ್ತೆ, ದಾಯಾದಿ ಅಂದಿದ್ದು ಅದಕ್ಕೇ. 2007ರಲ್ಲಿ ಟೂಲೂಸಿನ ಭಾರಿ ಮ್ಯಾಗ್ನೆಟಲ್ಲಿ ವೈಬಿಸಿಒದಲ್ಲಿ ಕ್ವಾಂಟಮ್ ಆಸಿಲೇಷನ್ (ಮ್ಯಾಗ್ನೆಟ್ ಬಲ ಏರಿಸಿದಂತೆ ರೆಸಿಸ್ಟೆನ್ಸ್ ಏರಿಳಿಯೋದು) ಕಂಡಿದ್ದು ಈ ಭಾಗದಲ್ಲೇ, ಎಲೆಕ್ಟ್ರಾನ್ ಸುತ್ತೋ ವೃತ್ತ ಬ್ರಿಲುವಾ ಝೋನಿನ (ಎಲೆಕ್ಟ್ರಾನ್ ಸ್ಥಿತಿಗಳ ಪೂರ್ತಿ ನಕ್ಷೆ) ಬರೀ 2 ಪರ್ಸೆಂಟ್ ಅಷ್ಟು ಚಿಕ್ಕದು. ಮುಂದಿನ ವರ್ಷ ಥಾಲಿಯಮ್ ಇರೋ ಓವರ್‌ಡೋಪ್ಡ್ ಕ್ಯುಪ್ರೇಟಲ್ಲಿ ಅದೇ ಅಳತೆ ಮಾಡಿದ್ರೆ 65 ಪರ್ಸೆಂಟ್! ಈ ಎರಡು ಸಂಖ್ಯೆಗಳನ್ನ ಶೀಟಿನ ಎಡಕ್ಕೊಂದು ಬಲಕ್ಕೊಂದು ದೊಡ್ಡದಾಗಿ ಬರೀರಿ, ಪಂಕ್ತಿ ಒಂದು ಕಡೆ ಹೇಗೆ ಅಂಟಿಕೊಂಡಿತ್ತು, ಇನ್ನೊಂದು ಕಡೆ ಹೇಗೆ ಪೂರಾ ಎದ್ದು ಓಡಾಡ್ತಿದೆ ಅನ್ನೋದು ಕೇಳೋರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತೆ.

ಗುಡ್ಡದ ನೆತ್ತಿ ಮೇಲೆ, ಮೇಲಿನ ಅಂಚಿನ ತನಕ, ಸ್ಟ್ರೇಂಜ್ ಮೆಟಲ್. ಇಲ್ಲಿ ಗೆರೆ ಎಳೀಲೇಬೇಡಿ, ಹೆಸರು ಬರೀರಿ ಸಾಕು. ಇದರ ಲಕ್ಷಣ ನೋಡೋಕೆ ಪರಮ ಸಾಧು: ಟೆಂಪರೇಚರ್ ಏರಿದಷ್ಟೂ ರೆಸಿಸ್ಟೆನ್ಸ್ ಸ್ಕೇಲ್ ಇಟ್ಟು ಎಳೆದ ಹಾಗೆ ನೇರಕ್ಕೆ ಏರುತ್ತೆ. 1987ರಲ್ಲೇ ಗುರ್ವಿಚ್ ಮತ್ತೆ ಫಯೋರಿ ಎಲ್‌ಎಸ್‌ಸಿಒವನ್ನ 1000 ಕೆಲ್ವಿನ್ ಆಚೆಗೂ ಕಾಯಿಸಿದ್ರು, ಗೆರೆ ಬಗ್ಗಲಿಲ್ಲ. ವಿಚಿತ್ರ ಇರೋದು ಅಲ್ಲೇ. ಕೆಟ್ಟ ಲೋಹಗಳಲ್ಲಿ ಎಲೆಕ್ಟ್ರಾನ್ ಡಿಕ್ಕಿಯಿಂದ ಡಿಕ್ಕಿಗೆ ಹೋಗೋ ದೂರ ಪರಮಾಣುಗಳ ನಡುವಿನ ಅಂತರಕ್ಕೆ ಇಳಿದ ಮೇಲೆ ರೆಸಿಸ್ಟೆನ್ಸ್ ಚಪ್ಪಟೆ ಆಗಬೇಕು, ಅದಕ್ಕಿಂತ ಹತ್ತಿರ ಡಿಕ್ಕಿ ಹೊಡೆಯೋಕೆ ಜಾಗ ಎಲ್ಲಿದೆ? ಇದು ಆ ಮಿತಿ ದಾಟಿ ಹೋಗ್ತಾನೇ ಇರುತ್ತೆ. ಡಿಕ್ಕಿಗಳ ನಡುವಿನ ಸಮಯ ಲೆಕ್ಕ ಹಾಕಿದ್ರೆ ಹೆಚ್ಚುಕಮ್ಮಿ ರೆಡ್ಯೂಸ್ಡ್ ಪ್ಲಾಂಕ್ ಸ್ಥಿರಾಂಕವನ್ನ (ಪ್ಲಾಂಕ್ ಸ್ಥಿರಾಂಕ ಭಾಗಿಸು 2π) ಬೋಲ್ಟ್ಜ್‌ಮನ್ ಸ್ಥಿರಾಂಕ ಮತ್ತೆ ಟೆಂಪರೇಚರಿಂದ ಭಾಗಿಸಿದಷ್ಟೇ ಬರುತ್ತೆ, 300 ಕೆಲ್ವಿನಲ್ಲಿ ಸುಮಾರು 25 ಫೆಮ್ಟೋಸೆಕೆಂಡ್, ವಸ್ತುವಿನ ಗುಣ ಯಾವುದೂ ಆ ಲೆಕ್ಕದಲ್ಲಿ ಇಲ್ಲ. ಇಲ್ಲಿ ಎಲೆಕ್ಟ್ರಾನ್‌ಗಳನ್ನ ಬಿಡಿ ಬಿಡಿ ಕಣ ಅಂತ ಕರೆಯೋದೇ ಸರಿಯಾ ಅನ್ನೋ ಅನುಮಾನ ಅದಕ್ಕೇ ಬಂದಿದ್ದು. ಗುಡ್ಡದ ಬಲ ಪಕ್ಕ, 0.27ರ ಆಚೆ ಮಾತ್ರ ಟೆಂಪರೇಚರಿನ ವರ್ಗಕ್ಕೆ ತಕ್ಕಂತೆ ರೆಸಿಸ್ಟೆನ್ಸ್ ಏರೋ ಸಾಮಾನ್ಯ ಲೋಹ, ಫರ್ಮಿ ಲಿಕ್ವಿಡ್, ಅಲ್ಲಿ ನಮ್ಮ ಪಠ್ಯಪುಸ್ತಕ ಮತ್ತೆ ನಡೆಯುತ್ತೆ.

ಇಷ್ಟಾದ್ರೆ ಒಂದು ಶೀಟ್ ಮುಗೀತು. ವೈಬಿಸಿಒಗೆ ಎರಡನೇದು ಮಾಡೋ ಆಸೆ ಇದ್ರೆ ಒಂದು ತೊಡಕಿದೆ: ಅಲ್ಲಿ ಡೋಪಿಂಗ್ ಆಗೋದು ಆಕ್ಸಿಜನ್ನಿಂದ, ಆ ಆಕ್ಸಿಜನ್ ಕೂರೋದು ಪಕ್ಕದ ತಾಮ್ರದ ಸರಪಳೀಲಿ, ಅದರಿಂದ ಹುಟ್ಟೋ ಹೋಲ್‌ಗಳು ಪದರಕ್ಕೂ ಸರಪಳಿಗೂ ಹಂಚಿಹೋಗೋದ್ರಿಂದ ನೇರ ಲೆಕ್ಕ ಸಿಗಲ್ಲ. ಆಗ ಅಳೆದ ಟಿಸಿಯನ್ನ ಆ 82.6ರ ಸೂತ್ರಕ್ಕೆ ಹಿಂದು ಮುಂದಾಗಿ ಹಾಕಿ ಡೋಪಿಂಗ್ ತೆಗೀತಾರೆ. ಆದ್ರೆ ವರ್ಗ ಇರೋದ್ರಿಂದ ಉತ್ತರ ಎರಡು ಬರುತ್ತೆ, ಗುಡ್ಡದ ಎಡಕ್ಕೊಂದು ಬಲಕ್ಕೊಂದು. ಯಾವುದು ಸರಿ ಅಂತ ತೀರ್ಮಾನ ಮಾಡೋಕೆ ರೂಮ್ ಟೆಂಪರೇಚರಿನ ಥರ್ಮೋಪವರ್ (ಬಿಸಿ ತುದಿ ತಣ್ಣನೆ ತುದಿ ನಡುವೆ ಹುಟ್ಟೋ ವೋಲ್ಟೇಜ್) ಚಿಹ್ನೆ ನೋಡೋ ರೂಢಿ ಇದೆ, 0.16ರ ಸುತ್ತ ಅದು ಪ್ಲಸ್‌ನಿಂದ ಮೈನಸ್‌ಗೆ ತಿರುಗುತ್ತೆ, ಪ್ಲಸ್ ಇದ್ರೆ ಎಡ, ಮೈನಸ್ ಇದ್ರೆ ಬಲ. ಅಕ್ಕನ ಮಗಳು ಎರಡನೇ ಶೀಟ್ ಮಾಡ್ಲಿಲ್ಲ, ಟಿ ಸ್ಟಾರ್ ಪಟ್ಟಿ ಅಳಿಸಿ ಅಳಿಸಿ ಮೊದಲನೇ ಶೀಟೇ ತೂತಾಗಿತ್ತು, ಹಿಂದಿಂದ ಸೆಲ್ಲೋಟೇಪ್ ಹಚ್ಕೊಂಡು ಹೋದ್ಲಂತೆ. ಹಿಂದಿನ ಬೆಂಚಿಂದ ಒಬ್ಬರು ಆ ತೇಪೆ ತೋರಿಸಿ ಇದು ಯಾರು ಅಳೆದಿದ್ದು ಅಂತ ಕೇಳಿದ್ರಂತೆ, ಇವಳು ಪಕ್ಕದಲ್ಲಿ ಬರ್ಕೊಂಡಿದ್ದನ್ನೇ ಓದಿದ್ಲು: ಎನ್‌ಎಂಆರ್, ಅಲೂಲ್, 1989, ಆದ್ರೆ ಅದು ವೈಬಿಸಿಒ, ಇದು ಬೇರೆ ವಸ್ತು ಸರ್, ಅದಕ್ಕೇ ಪೆನ್ಸಿಲು.